ದರವಾಜಾ ಕ್ಲಬ್ಬಿನ ಕಂಬಗಳು

ರಾಯಚೂರು
24 ಆಗಸ್ಟ್ 2025, ಭಾನುವಾರ

ಸ್ವಪ್ನಾಳ ಅಪ್ಪನಿಗೆ,

ಅಂಬಿಕಾಳ ನಮಸ್ಕಾರಗಳು. ನಾನೂ ಮಗಳೂ ಆರಾಮ ಇದ್ದೇವೆ. ನೀವು ಪುಣೆಯಲ್ಲಿ ಆರಾಮ ಇದ್ದೀರೆಂದು ನಿಮ್ಮವ್ವ ಹೇಳಿದರು. ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನೀವು ‘ಹಲೋ’ ಅನ್ನುವುದರೊಳಗೆ ನಾನು ಜಗಳ ತೆಗೆದು ಸ್ವಪ್ನಾಳ ಕೈಗೆ ಕೊಟ್ಟುಬಿಡುತ್ತೇನೆ. ಎರಡು ವರ್ಷ ಹೀಗೇ ಕಳೆಯಿತು. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ, ನಾನು ಅರ್ಧಕ್ಕೆ ಬಿಟ್ಟು ಓಡುವಂತಿಲ್ಲ.

ಮೊದಲು ದೊಡ್ಡ ಸುದ್ದಿ. ನಿಮ್ಮ ದರವಾಜಾ ಫುಟ್‌ಬಾಲ್ ಕ್ಲಬ್ಬನ್ನು ನಾನು ಮತ್ತೆ ಎಬ್ಬಿಸಿದ್ದೇನೆ. ನಗಬೇಡಿ. ‘ಆ ಚೆಂಡಿಗೇ ತಾಳಿ ಕಟ್ಟಬೇಕಿತ್ತು, ನನಗ್ಯಾಕ ಕಟ್ಟಿದ್ರಿ’ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದವಳು ನಾನೇ. ಈಗ ಅದೇ ಚೆಂಡಿಗೆ ನಾನೇ ಗಾಳಿ ತುಂಬಿಸಿಕೊಂಡು ತಿರುಗುತ್ತಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಉಳಿದ ನೀಲಿ ಬಟ್ಟೆಯಲ್ಲಿ ಹದಿನೈದು ಜೆರ್ಸಿ ಹೊಲಿದೆ. ಮುಂದೆ ಆಡುವ ಯಲ್ಲಾಲಿಂಗನ ಎದೆಗೆ ಮಾತ್ರ ಬಟ್ಟೆ ಸಾಲಲಿಲ್ಲ. ಮಿಲ್ಲಿನಲ್ಲಿ ಎರಡು ವರ್ಷ ಮೂಟೆ ಹೊತ್ತು ಹಾಗೆ ಬೆಳೆದಿದ್ದಾನೆ.

ಯಾಕೆ ಎಬ್ಬಿಸಿದೆ ಎಂದು ಕೇಳುತ್ತೀರಿ. ಜೂನಿನಲ್ಲಿ ಶಾಲೆ ಶುರುವಾದ ವಾರವೇ ಸ್ವಪ್ನಾ ಅಳುತ್ತ ಮನೆಗೆ ಬಂದಳು. ಯಾರೋ ಅವಳನ್ನು ‘ಕಂಬ ಮಾರಿದವನ ಮಗಳು’ ಅಂದರಂತೆ. ನಮ್ಮ ಹಿತ್ತಲಿನಲ್ಲಿಟ್ಟಿದ್ದ ಗೋಲಿನ ಕಬ್ಬಿಣದ ಕಂಬಗಳು ಕಾಣೆಯಾಗಿ, ಹುಡುಗರು ನಿಮ್ಮ ಮೇಲೆ ಬೆರಳು ತೋರಿಸಿ, ನೀವು ತುಟಿ ಬಿಚ್ಚದೆ ಪುಣೆಯ ಬಸ್ಸು ಹತ್ತಿದಿರಿ. ಅದಾಗಿ ಎರಡು ವರ್ಷವಾದರೂ ಊರು ಮರೆತಿಲ್ಲ. ಆ ಕಂಬಗಳ ಮಾತಿಗೆ ಆಮೇಲೆ ಬರುತ್ತೇನೆ. ಬಂದೇ ಬರುತ್ತೇನೆ.

ಮೊದಲು ಬಯಲಿನ ಚಿಂತೆ ಇತ್ತು. ಅಕ್ಕಿ ಮಿಲ್ಲಿನ ಹಿಂದಿನ ಬಯಲನ್ನು ಪ್ರಭುರಾಜ ಸಾಹುಕಾರರ ತಂದೆ ಆಡಲು ಬಿಟ್ಟಿದ್ದರು. ಮಗನಿಗೆ ಅಲ್ಲಿ ಗೋದಾಮು ಕಟ್ಟುವ ಆಸೆ. ನಾಲ್ಕು ಸಲ ಹೋಗಿ ಮಿಲ್ಲಿನ ಬಾಗಿಲಲ್ಲಿ ನಿಂತೆ. ಐದನೆಯ ಸಲಕ್ಕೆ ಅವರು ಒಂದು ಕರಾರು ಹಾಕಿದರು. “ನಿಮ್ಮ ಹುಡುಗ್ರು ಒಂದ ಮ್ಯಾಚರ ಪೂರ್ತಿ ಆಡ್ಯಾರೇನಮ್ಮ? ನನ್ನ ಕಣ್ಣ ಮುಂದ ತೊಂಬತ್ತ ನಿಮಿಷ ಆಡಿ ಮುಗಸ್ರಿ. ನಡುವ ಜಗಳಾ ತಗದು ಹೊಂಟ್ರಿ ಅಂದ್ರ ಮರುದಿನಾನ ಪಾಯಾ ತೋಡಸ್ತೀನಿ.” ಗೆಲ್ಲಬೇಕು ಅನ್ನಲಿಲ್ಲ, ಮುಗಿಸಬೇಕು ಅಂದರು. ನಮ್ಮ ಹುಡುಗರಿಗೆ ಗೆಲ್ಲುವುದೇ ಸುಲಭ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಜಿಲ್ಲೆಯ ಫುಟ್‌ಬಾಲ್ ಲೀಗಿಗೆ ತಂಡದ ಹೆಸರು ಹಚ್ಚಲು ದುಡ್ಡು ಬೇಕಲ್ಲ, ಅದಕ್ಕೆ ದೇವದುರ್ಗಕ್ಕೆ ಹೋಗಿ ನಿಮ್ಮವ್ವನ ಮುಂದೆ ಕುಳಿತೆ. ಅವರು ಪ್ರತಿ ವರ್ಷ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಮಾನ್ವಿಯ ಕಾಲುವೆ ಹೊಲಗಳಿಗೆ ಭತ್ತದ ನಾಟಿ ಗುತ್ತಿಗೆ ಹಿಡಿಯುತ್ತಾರಲ್ಲ, ಈ ಸಲ ನಮ್ಮ ಹುಡುಗರನ್ನೂ ಸೇರಿಸಿಕೊಳ್ಳಿ ಅಂದೆ. “ಚೆಂಡ ಒದಿಯೋ ಕಾಲು ಕೆಸರಿನ್ಯಾಗ ನಿಲ್ತಾವೇನಬೇ?” ಅಂದರು. ಆದರೂ ಕರೆದುಕೊಂಡು ಹೋದರು. ಮೊದಲ ದಿನ ಹುಡುಗರು ಹಚ್ಚಿದ ಸಾಲು ಹಾವು ಹರಿದಂತೆ ಇತ್ತು. ಹೆಣ್ಣುಮಕ್ಕಳು ಸಸಿ ಕೈಯಲ್ಲಿ ಹಿಡಿದು ನಕ್ಕಿದ್ದೇ ನಕ್ಕಿದ್ದು. ನಿಮ್ಮವ್ವ ಬದುವಿನ ಮೇಲೆ ನಿಂತು “ಸಾಲ ಬಿಡಬ್ಯಾಡ್ರಲೇ!” ಎಂದು ಎಂಟು ದಿನ ಕೂಗಿದರು. ಎಲ್ಲರೂ ಒಟ್ಟಿಗೆ ಬಾಗಿ, ಒಟ್ಟಿಗೆ ಹಿಂದೆ ಸರಿಯುವುದನ್ನು ಕಲಿತರು. ಆಟದಲ್ಲಿ ಹಿಂದೆ ನಿಂತು ಗೋಲು ಕಾಪಾಡುವ ನಾಲ್ವರು ಸಾಲು ಮುರಿಯಬಾರದು ಎಂದು ನೀವು ಐದು ವರ್ಷ ಗಂಟಲು ಹರಿದುಕೊಂಡಿರಿ. ನಿಮ್ಮವ್ವ ಎಂಟು ದಿನದಲ್ಲಿ ಕಲಿಸಿಬಿಟ್ಟರು, ಸಿಟ್ಟಾಗಬೇಡಿ.

ಇವತ್ತು ಆ ಮ್ಯಾಚು ಆಯಿತು. ಎದುರಿಗೆ ಮಾನ್ವಿಯ ತಂಡ. ಕಂಬಗಳ ಬದಲು ಬಿದಿರು ನೆಟ್ಟು, ಮೇಲೆ ಅಡ್ಡಪಟ್ಟಿಯ ಜಾಗದಲ್ಲಿ ಹಗ್ಗ ಕಟ್ಟಿದ್ದೆವು. ಗೋಲಿನ ಅಗಲ ಅಳೆಯಲು ನಿಮ್ಮ ಎಂಟು ಹೆಜ್ಜೆ ಇಲ್ಲವಲ್ಲ! ನಿಮ್ಮ ಜಾಗದಲ್ಲಿ ಗೋಲು ಕಾಯುವ ಬಂದೇನವಾಜ್ ತನ್ನ ಗಿಡ್ಡ ಕಾಲಿನಲ್ಲಿ ಎಂಟು ಹೆಜ್ಜೆ ಹಾಕಿ ಒಂದು ಗೋಲನ್ನು ಕಿರಿದು ಮಾಡಿದ. ಅದೇ ತನ್ನದು ಎಂದು ಹೋಗಿ ನಿಂತೂಬಿಟ್ಟ.

ಇನ್ನು ನನ್ನ ಮೂರ್ಖತನ ಕೇಳಿ. ಮಷೀನಿಗೆ ಕುಂಕುಮ ಇಡದೆ ನಾನು ಹೊಸ ಬಟ್ಟೆಗೆ ಸೂಜಿ ಹಚ್ಚುವವಳಲ್ಲ. ಹಾಗೆಯೇ ನಾಟಿಯ ದುಡ್ಡಿನಲ್ಲಿ ತಂದ ಹೊಸ ಚೆಂಡಿಗೂ ವಿಭೂತಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು ಬಯಲಿನ ನಡುವೆ ಇಟ್ಟೆ. ರೆಫ್ರಿ ಸೀಟಿ ಊದಿದರು. ಯಲ್ಲಾಲಿಂಗ ಕಾಲು ಎತ್ತಿದವನು ಹಾಗೇ ಇಳಿಸಿದ. “ಯಕ್ಕಾ, ಪೂಜಿ ಮಾಡೀರಿ, ಹೆಂಗ ಒದೀಬೇಕ್ರಿ?” ಮಾನ್ವಿಯವರೂ ಎರಡು ಹೆಜ್ಜೆ ಹಿಂದೆ ಸರಿದರು. “ನಾ ಒದೀತೀನಿ ಬಿಡ್ರಿ ಭಾಬಿ” ಎಂದು ಬಂದೇನವಾಜ್ ಓಡಿ ಬಂದ. ಚೆಂಡಿನ ಹತ್ತಿರ ನಿಂತು ತಲೆ ಕೆರೆದುಕೊಂಡು, “ಬ್ಯಾಡ್ರಿ, ನನಗೂ ಅಂಜಿಕಿ ಆಗಾಕತ್ತದ” ಅಂದ. ಇದ್ದದ್ದು ಒಂದೇ ಒಳ್ಳೆಯ ಚೆಂಡು. ಸಾಹುಕಾರರು ಕುರ್ಚಿಯಲ್ಲಿ ಕುಳಿತು ಗಡಿಯಾರ ನೋಡಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಆಟ ನೋಡಲು ದೇವದುರ್ಗದಿಂದ ಬಂದಿದ್ದ ನಿಮ್ಮವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. “ಭೂಮಿತಾಯಿಗೆ ಪೂಜಿ ಮಾಡೇ ನೇಗಿಲಾ ಹೂಡ್ತೀವಲ್ಲೋ! ಈಗ ಯಾರ ಮ್ಯಾಲೆ ನಿಂತೀರಿ ನೀವು? ಮುಟ್ಟಿ ಕಣ್ಣಿಗೆ ಒತ್ತಿಗೊಳ್ರಿ, ಆಮ್ಯಾಲೆ ಒದೀರಿ.” ಎರಡೂ ಕಡೆಯ ಇಪ್ಪತ್ತೆರಡು ಮಂದಿ ಸಾಲಾಗಿ ಬಂದು ಚೆಂಡು ಮುಟ್ಟಿ ನಮಸ್ಕಾರ ಮಾಡಿದರು. ಕೊನೆಗೆ ಸಾಹುಕಾರರೂ ಎದ್ದು ಬಂದು ಮುಟ್ಟಿ ಹೋದರು. ಆಟ ಕಾಲು ಗಂಟೆ ತಡವಾಗಿ ಶುರುವಾಯಿತು.

ಒಂದು-ಒಂದು ಆಗಿ ಇನ್ನು ಹತ್ತು ನಿಮಿಷ ಉಳಿದಿತ್ತು. ಮಾನ್ವಿಯವನೊಬ್ಬ ಒದ್ದ ಚೆಂಡು ಹಗ್ಗ ಅಲ್ಲಾಡಿಸಿ ಒಳಗೆ ಹೋಯಿತು. ಹಗ್ಗದ ಕೆಳಗೋ ಮೇಲೋ, ಆಣೆಯಿಟ್ಟು ನಾನೂ ಹೇಳಲಾರೆ. ರೆಫ್ರಿ ಗೋಲು ಅಂದರು. ಯಲ್ಲಾಲಿಂಗ ಜೆರ್ಸಿ ಬಿಚ್ಚಿ ನೆಲಕ್ಕೆ ಎಸೆದ. “ಕಬ್ಬಿಣದ ಪಟ್ಟಿ ಇದ್ದಿದ್ರ ಠಣ್ ಅಂತಿತ್ತು! ನಮ್ಮ ದುರುಗೇಶಣ್ಣ ಕಂಬಾನ ಮಾರ್ಕೊಂಡು ತಿಂದ, ಇನ್ನೆಲ್ಲಿ ಆಟ!” ಎಂದು ಗೇಟಿನ ಕಡೆ ನಡೆದ. ಅವನ ಹಿಂದೆ ನಾಲ್ವರು ಹೊರಟರು. ಸಾಹುಕಾರರು ಕುರ್ಚಿ ಬಿಟ್ಟು ಎದ್ದರು. ಎರಡು ತಿಂಗಳ ದುಡಿಮೆ ಆ ಗೇಟು ದಾಟಿ ಹೋಗುವುದನ್ನು ನೋಡುತ್ತ ನಿಂತೆ.

ಸ್ವಪ್ನಾ ನನ್ನ ಪಕ್ಕದಲ್ಲೇ ಇದ್ದಳು. ತಲೆ ಕೆಳಗೆ ಹಾಕಿದ್ದಳು.

ನಾನು ಚಪ್ಪಲಿ ಹಾಕಿಕೊಂಡೇ ಬಯಲಿಗೆ ಓಡಿದೆ. “ನಿಲ್ಲೋ ಯಲ್ಲಾಲಿಂಗ! ಅವರು ಮಾರಿಲ್ಲ. ನಾ ಮಾರೀನಿ” ಅಂದೆ.

ಈಗ ನಿಮಗೂ ಹೇಳುತ್ತಿದ್ದೇನೆ. ಸ್ವಪ್ನಾಳ ಶಾಲೆಗೆ ಕಟ್ಟಬೇಕಿದ್ದ ದುಡ್ಡನ್ನು ನೀವು ತಂಡದ ಬಸ್ ಬಾಡಿಗೆಗೆ ಕೊಟ್ಟ ದಿನ ನನಗೆ ಕಣ್ಣು ಕತ್ತಲೆ ಬಂತು. ಗುಜರಿ ಹನುಮಂತರಾಯನ ಗಾಡಿ ಕರೆಸಿ ಕಂಬ, ಪಟ್ಟಿ ಎಲ್ಲ ಹೇರಿಸಿ ಕಳಿಸಿದೆ. ಮಾರಿ ಬಂದ ದುಡ್ಡನ್ನೇ ಶಾಲೆಗೆ ಕಟ್ಟಿದೆ. ನೀವು ಹಿತ್ತಲು ನೋಡಿ ಬಂದು ಕೇಳಿದಾಗ ‘ನನಗೇನು ಗೊತ್ತು’ ಅಂದೆ. ಹುಡುಗರು ಮನೆ ಮುಂದೆ ನಿಂತು ನಿಮ್ಮನ್ನು ಕಳ್ಳ ಅಂದಾಗ ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಸದ್ದು ಕೇಳಬಾರದೆಂದು ಜೋರಾಗಿ ಬಡಿದೆ. ಮಾರಿದ್ದಕ್ಕೆ ನನಗೆ ಇವತ್ತಿಗೂ ಅಷ್ಟು ಪಶ್ಚಾತ್ತಾಪವಿಲ್ಲ, ಮಗಳ ಓದಿಗೆ ಹಾಕಿದೆ. ಆ ರೊಟ್ಟಿ ಬಡಿದದ್ದಕ್ಕೆ ಇದೆ. ಬಾಯಿ ಬಿಡದೆ ಬರೀ ಕ್ಲಬ್ ಕಟ್ಟಿ ತಪ್ಪು ತೊಳೆದುಕೊಳ್ಳೋಣ ಎಂದಿದ್ದೆ. ಅಷ್ಟು ಅಗ್ಗಕ್ಕೆ ಅದು ಮುಗಿಯುವಂಥದ್ದಲ್ಲ.

ಯಲ್ಲಾಲಿಂಗ ಆ ನಾಲ್ವರನ್ನೂ ಕರೆದುಕೊಂಡು ಗೇಟಿನಿಂದ ತಿರುಗಿ ಬಂದ. ಆಮೇಲೆ ಜೆರ್ಸಿ ಎತ್ತಿ ಝಾಡಿಸಿ ಹಾಕಿಕೊಂಡ. “ರೆಫ್ರಿ ಸಾಹೇಬ್ರ, ಇನ್ನಾ ಎಷ್ಟ ನಿಮಿಷ ಅದಾವ್ರಿ?” ಎಂದು ಕೇಳಿದ.

ಎರಡು-ಒಂದರಿಂದ ಸೋತೆವು. ತೊಂಬತ್ತು ನಿಮಿಷ ಮುಗಿಸಿದೆವು. “ಸೋತ್ರಿ, ಖರೆ. ಆದ್ರ ಮುಗಿಸಿದ್ರಿ” ಅಂದರು ಸಾಹುಕಾರರು. ಮೂರು ವರ್ಷ ಬಯಲು ನಮ್ಮದು. ದುಡ್ಡು ಮಾತ್ರ ಕೊಡುವುದಿಲ್ಲವಂತೆ, ಬೇಡವೂ ಬೇಡ. ಹಿಂಗಾರಿನಲ್ಲೂ ಹೊಲದ ಕೆಲಸ ಸಿಗುತ್ತದೆ, ನಮಗೆ ಕೈಗಳಿವೆ. ನಿಮ್ಮವ್ವ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಮನೆಗೆ ಬಂದ ಮೇಲೆ ತಾಟು ಮುಂದೆ ಸರಿಸಿ, “ಈಗ ಉಣ್ಣು. ನಾಳಿ ಬೈತೀನಿ” ಅಂದರು.

ಮುಂದಿನ ತಿಂಗಳು ಲೀಗು ಶುರು. ನೀವು ಬಂದರೂ, ಬಾರದಿದ್ದರೂ ಈ ಕ್ಲಬ್ಬನ್ನು ನಾನು ಕೆಳಗಿಡುವುದಿಲ್ಲ. ಆದರೆ ಬಂದೇನವಾಜ್ ಎಡಕ್ಕೆ ಮಾತ್ರ ಹಾರುತ್ತಾನೆ, ಬಲಕ್ಕೆ ಹಾರಲು ಅವನಿಗೆ ಯಾರಾದರೂ ಕಲಿಸಬೇಕು. ಗಂಡನಾಗಿ ಬರಲು ಮನಸ್ಸಿಲ್ಲದಿದ್ದರೆ ಕೋಚಾಗಿ ಬನ್ನಿ. ನನ್ನ ಮೇಲೆ ಎಷ್ಟು ಸಿಟ್ಟಾಗಬೇಕೋ ಎದುರಿಗೆ ನಿಂತು ಆಗಿ. ಈ ಸಲ ನಾನು ರೊಟ್ಟಿ ಬಡಿಯುವುದಿಲ್ಲ.

ನಿಮ್ಮ ದಾರಿ ನೋಡುತ್ತಿರುವ, ಆದರೆ ಸುಮ್ಮನೆ ಕುಳಿತು ನೋಡದ,
ಅಂಬಿಕಾ

ತಾ.ಕ.: ನಿನ್ನೆ ಭಾನುವಾರ, ಅಂಚೆ ಇರಲಿಲ್ಲ. ಇವತ್ತು ಬೆಳಿಗ್ಗೆ ಹೊಸ ಕಂಬಕ್ಕೆ ಹಳೆಯ ಪೈಪು ಕೇಳಲು ಹನುಮಂತರಾಯನ ಗುಜರಿಗೆ ಹೋಗಿದ್ದೆ. ನಮ್ಮವು ಎಂದೋ ಕರಗಿ ಹೋಗಿವೆಯಂತೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ: “ದುರುಗೇಶಣ್ಣ ಮರುದಿನಾನ ಬಂದಿದ್ದ ತಂಗಿ. ಕಂಬಾ ನೋಡಿ ಗುರುತು ಹಿಡದ. ಯಾರ ಕೇಳಿದ್ರೂ ಅಕಿ ಹೆಸರು ತಗೀಬ್ಯಾಡ, ನನ್ನ ಹೆಸರೇ ಹೇಳು ಅಂತ ಹೇಳಿ ಹೋದ.” ನಿಮಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಫೋನಿನಲ್ಲಿ ನನ್ನ ಬೈಗುಳ ಕೇಳಿದಿರಿ. ಅಲ್ಲೇ ತಕ್ಕಡಿಯ ಪಕ್ಕ ಕುಳಿತು ಅತ್ತೆ. ಆಮೇಲೆ ಚೌಕಾಸಿ ಮಾಡಿ ಪೈಪು ಹೇರಿಸಿಕೊಂಡು ಬಂದೆ. ಇನ್ನು ನೀವು ಮುಚ್ಚಿಡಬೇಕಾದ್ದು ಏನೂ ಉಳಿದಿಲ್ಲ, ಎಲ್ಲರಿಗೂ ನಾನೇ ಹೇಳಿಬಿಟ್ಟಿದ್ದೇನೆ. ಪ್ರತಿ ಗೋಲಿಗೆ ಒಂದೊಂದು ಗುಂಡಿ ಮಾತ್ರ ತೋಡಿಸಿದ್ದೇನೆ. ಎರಡನೆಯದು ಎಲ್ಲಿ ಎಂದು ನೀವೇ ಬಂದು ಎಂಟು ಹೆಜ್ಜೆ ಇಟ್ಟು ತೋರಿಸಬೇಕು.