ಹೀಟರಿನ ಗಾಳಿ

ಗನ್ಸುಖ್,

ಹೀಟರಿನ ಮೋಟರ್ ಕೆಟ್ಟಿಲ್ಲ. ಅಪ್ಪನ ಕಾರು ಮಾರುವ ಮಾತು ಬಿಡು.

ಬೆಳಿಗ್ಗೆ ನೋಡಿದೆ. ಗಾಳಿ ಬಿಸಿಯಾಗಿಯೇ ಇತ್ತು, ಫ್ಯಾನೂ ಜೋರಾಗಿ ತಿರುಗುತ್ತಿತ್ತು, ಆದರೂ ಕೈಗೆ ಅಷ್ಟಾಗಿ ತಾಕುತ್ತಿರಲಿಲ್ಲ. ಎಡ ಸೀಟಿನ ಎದುರಿನ ಸಾಮಾನಿಡುವ ಡಬ್ಬಿ ಕಳಚಿ, ಅದರ ಹಿಂದಿನ ಗಾಳಿ ಸೋಸುವ ಫಿಲ್ಟರ್ ಎಳೆದೆ. ಅಪ್ಪ ತೀರಿಕೊಂಡ ಮೇಲಿನ ಎರಡು ಚಳಿಗಾಲದ, ಊರಿನ ಒಲೆಗಳ ಕಲ್ಲಿದ್ದಲ ಮಸಿಯೆಲ್ಲ ಅದರಲ್ಲೇ ಕೂತಿತ್ತು. ಅದಿಲ್ಲದೆ ಫ್ಯಾನ್ ಹಾಕಿದರೆ ನನ್ನ ಟೋಪಿಯೇ ಹಾರಿತು.

ಅಷ್ಟರಲ್ಲಿ ಅಮ್ಮ ಕೆಳಗಿಳಿದು ಬಂದಳು. "ನಿಮ್ಮಪ್ಪ ಪ್ರತಿವರ್ಷ ಹಿಮ ಬೀಳೋಕೆ ಮುಂಚೆ ಅದನ್ನ ಬದಲಾಯಿಸೋರು. ಡಬ್ಬಿ ಹಿಡ್ಕೊಂಡು ನಾನು ಪಕ್ಕದಲ್ಲಿ ಕೂತಿರ್ತಿದ್ದೆ" ಅಂದಳು.

"ಮತ್ತೆ ಗನ್ಸುಖ್‌ಗೆ ಯಾಕಮ್ಮ ಹೇಳ್ಲಿಲ್ಲ?"

"ನಿಮ್ಮಪ್ಪನ ಥರ ನೋಡ್ಕೊಳ್ತಿಲ್ಲ ನೀನು ಅಂತ ಚುಚ್ಚಿದ ಹಾಗಾಗತ್ತೆ ಕಣೇ. ಚಳಿ ಆದ್ರೆ ತಡ್ಕೋಬಹುದು."

ಗುರುವಾರ ಆಸ್ಪತ್ರೆಯಿಂದ ಬರುವಾಗ ಅವಳು ನಡುಗುತ್ತಿದ್ದಳಂತೆ. ಆಗ ನೀನು ಅವಳಿಗೆ ಗದರಿದ್ದನ್ನು ಮಾತ್ರ ಹೇಳಲಿಲ್ಲ. ನಿನ್ನ ಮುಖ ನೋಡಿಯೇ ನನಗೆ ಗೊತ್ತಾಗಿತ್ತು.

ಹಳೆಯ ಫಿಲ್ಟರ್ ಬಾಗಿಲ ಹಿಂದಿನ ಚೀಲದಲ್ಲಿದೆ. ಅಳತೆಗೆ ಅದನ್ನೇ ಒಯ್ದು ಹೊಸದು ತಾ. ಹಾಕುವಾಗ ಬಾಣದ ಗುರುತು ಕೆಳಮುಖವಾಗಿರಲಿ. ವೈಪರಿನ ಬುಡದಲ್ಲಿ ಗಟ್ಟಿಯಾದ ಹಿಮವನ್ನೂ ಕೆರೆದು ತೆಗೆ, ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಮಾಂಸ ತುಂಬಿ ಬೇಯಿಸಿದ ಬೂಜ್ ಒಲೆಯ ಮೇಲಿದೆ, ತಿಂದು ಹೋಗು.

ನನ್ನ ಪಾಳಿಗೆ ಇನ್ನೂ ಹೊತ್ತಿತ್ತು. ಫಿಲ್ಟರ್ ತಂದು ನಾನೇ ಹಾಕಬಹುದಿತ್ತು, ಬೇಕೆಂದೇ ನಿನಗೆ ಬಿಟ್ಟಿದ್ದೇನೆ. ಹಾಕಲು ಹೋಗುವಾಗ ಅಮ್ಮನನ್ನೂ ಕರೆ. ಕೇಳಿದರೆ ಬೇಡ ಅಂದಾಳು, ಆದರೆ ಆಗಲೇ ಬೂಟು ಹಾಕಿಕೊಂಡು ಕೂತಿದ್ದಾಳೆ.

ಉಯಂಗಾ ಅಕ್ಕ