ಕೊಂಡಿಯ ಆಚೆ ತುದಿ

ಇಳಕಲ್, ಶಕೆ ೨೧೭೪, ವೈಶಾಖದ ನಲವತ್ತೊಂದನೆಯ ದಿನ

ಇನ್ನೂರು ವರ್ಷ ಹಿಂದಿರುವ ಇಳಕಲ್ಲಿನ ನೇಕಾರ ಬಂಧುಗಳಿಗೆ ನೀಲಗಂಗವ್ವನ ಶರಣು.

ತಿಂಗಳಿಗೆ ನಲವತ್ತೊಂದು ದಿನವೇ ಎಂದು ನಗಬೇಡಿ. ಬೇಸಿಗೆ ಬೆಳೆದ ಹಾಗೆ ನಾವು ವೈಶಾಖವನ್ನೂ ಎಳೆದೆವು. ನನ್ನ ಮಾತಿನಲ್ಲಿ ತಿಳಿಯದ ಪದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಂಜೆಯೊಳಗೆ ಕೆಂಗಾಳಿ ಬರುತ್ತದೆ. ಮೈ ಸುಡುವ ಮಣ್ಣಿನ ಗಾಳಿಗೆ ನಾವಿಟ್ಟ ಹೆಸರು ಅದು.

ಈಗ ಸೀರೆ ಉಡುವವರು ಕಡಿಮೆ. ನಾವು ನೇಯುವುದು ಊರುಹೊದಿಕೆ, ಅಂದರೆ ಮನೆ, ಬೀದಿ, ಕೆರೆ ಎಲ್ಲದರ ಮೇಲೂ ಕಂಬದಿಂದ ಕಂಬಕ್ಕೆ ಕಟ್ಟುವ ನೆರಳುಬಟ್ಟೆ. ಅದರ ಕೆಳಗೇ ಮಕ್ಕಳ ಶಾಲೆ, ರೊಟ್ಟಿ ಬಡಿಯುವ ಸದ್ದು, ಜಗಳ, ಬಾಣಂತನ. ಬೇರೆ ಊರಿನವರು ತಮ್ಮ ಹೊದಿಕೆಯನ್ನು ಯಂತ್ರದಲ್ಲಿ ಹೊಲಿದರು. ಸೂಜಿ ತೂರಿದಲ್ಲೆಲ್ಲ ಗಾಳಿ ಅದನ್ನು ಹರಿದುಹಾಕಿತು. ನಮ್ಮದು ನಿಂತಿದೆ. ನೀವು ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕುಣಿಕೆ ಹಾಕಿ ಬೆಸೆಯುತ್ತೀರಲ್ಲ, ಆ ಕೊಂಡಿಯೇ ನಮ್ಮನ್ನು ಕಾಯುತ್ತಿದೆ. ಆ ಹೆಮ್ಮೆ ನನಗೂ ಬೇಕಾದಷ್ಟಿದೆ, ಸುಳ್ಳು ಹೇಳುವುದಿಲ್ಲ.

ಹೆಮ್ಮೆಯೇ ಈಗ ಕುತ್ತಿಗೆಗೆ ಬಂದಿದೆ. ವಿದ್ಯೆ ಊರು ಬಿಟ್ಟು ಹೋಗಬಾರದೆಂದು ನಮ್ಮ ಹಿರಿಯರು ಕೊಂಡಿಯನ್ನು ಸೊಸೆಯರಿಗಷ್ಟೇ ಕಲಿಸಿದರು, ಹೆಣ್ಣುಮಕ್ಕಳಿಗೆ ಕಲಿಸಲಿಲ್ಲ. ಉರಿಯುವ ಈ ಊರಿಗೆ ಈಗ ಹೆಣ್ಣು ಕೊಡುವವರು ಯಾರು? ಕಲಿತವರಲ್ಲಿ ಉಳಿದದ್ದು ನಾನು ಮತ್ತು ಸಂಗವ್ವ. ಹೋದ ತಿಂಗಳು ಸಂಗವ್ವ ತೀರಿಕೊಂಡಳು. ನಿನ್ನೆ ಶಾಲೆಯ ಮೇಲಿನ ಕೊಂಡಿ ಬಿಚ್ಚಿತು. ಅಲ್ಲಿ ಗಾಳಿ ಹೊಕ್ಕರೆ ಇಡೀ ಹೊದಿಕೆ ಹೋದಂತೆಯೇ. ಇದು ಒಂಟಿ ಕೈಯ ಕೆಲಸವಲ್ಲ, ಆಚೆ ತುದಿ ಹಿಡಿಯಲು ಬಲ್ಲವರು ಬೇಕು.

ನನ್ನ ಮಗಳು ಗುರಸಿದ್ದವ್ವ ಬಲ್ಲಳು. ಮಗ್ಗದ ಮರೆಯಲ್ಲಿ ಕೂತು ಕದ್ದು ಕಲಿತವಳು, ಈಗ ಗುಳೇದಗುಡ್ಡದ ಸೊಸೆ. ಅವಳಿಗೆ ಹೇಳಿಕಳಿಸಿದ್ದೇನೆ. ಊರ ಪಂಚರು ಹೊದಿಕೆಗೆ ಹತ್ತುವ ಏಣಿಗೆ ಅಡ್ಡ ನಿಂತಿದ್ದಾರೆ. "ಗುಳೇದಗುಡ್ಡದ ಕೈ ನಮ್ಮ ಬಟ್ಟಿಗೆ ಹತ್ತಬಾರ್ದು ನೋಡವಾ" ಎನ್ನುತ್ತಾರೆ ಹಿರಿಯ ಮಹಾಂತಪ್ಪನವರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ. ನನಗೆ ಸಿಟ್ಟು ಬರುತ್ತಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿದೆ.

ಬಂಧುಗಳೇ, ಸೊಸೆಯರಿಗೆ ಮಾತ್ರ ಎಂಬ ಕಟ್ಟಳೆ ಹಾಕಲು ಮುಂದೆ ಯಾರಾದರೂ ಬಂದರೆ ಅಲ್ಲೇ ತಡೆಯಿರಿ. ಕೇಳಿದವರಿಗೆಲ್ಲ ಕಲಿಸಿ, ಅವರು ಯಾವ ಊರಿಗೆ ಹೋಗುವವರಾದರೂ ಸರಿ.

ಪಡುವಣ ಕೆಂಪೇರಿತು. ಮಗಳು ಬಂದಳು. ಪಂಚರನ್ನು ಸರಿಸಿ ಮೇಲೆ ಹತ್ತಿಯೇ ಬಿಟ್ಟಳು. "ಅವ್ವಾ, ಬರಿಯೂದು ಬಿಡು, ನಿನ್ನ ತುದಿ ಹಿಡಿ ಬಾ!" ಎಂದು ಕೂಗುತ್ತಿದ್ದಾಳೆ. ಗಾಳಿಗೆ ಏಣಿ ಅಲುಗುತ್ತಿದೆ. ಅದರ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತವರು ಮಹಾಂತಪ್ಪನವರು.