ಎತ್ತರಿಸಿದ ಪಿಕಪ್ಪಿನ ತಪ್ಪು

ಬಗ್ಗಿ ನೋಡುವ ಅಭ್ಯಾಸವಿರುವ ಮಾನ್ಯ ಮೋಟಾರು ವಾಹನ ನಿರೀಕ್ಷಕರೇ,

ನಮ್ಮ ಪಿಕಪ್ ಗಾಡಿಗೆ, ಓಡಾಟಕ್ಕೆ ಯೋಗ್ಯವೆಂಬ ಎಫ್.ಸಿ. ಕೊಡಲಾಗದು ಎಂದು ಹೋದ ವಾರ ಬರೆದು ಕಳಿಸಿದ್ದೀರಿ. ಗಾಡಿಯನ್ನು ಕಂಪನಿಯ ಅಳತೆಗಿಂತ ಒಂದು ಗೇಣು ಎತ್ತರಿಸಲಾಗಿದೆ, ದೊಡ್ಡ ಟೈರು ಹಾಕಲಾಗಿದೆ, ಎಲ್ಲವನ್ನೂ ಇಳಿಸಿ ತೋರಿಸುವವರೆಗೆ ಅದು ರಸ್ತೆಗೆ ಬರಕೂಡದು ಎಂದು ಅದರಲ್ಲಿದೆ. ಆ 'ರಸ್ತೆ' ಎಂಬ ಪದ ಓದಿ ನಮ್ಮೂರಿನವರಿಗೆಲ್ಲ ಬಹಳ ಸಂತೋಷವಾಯಿತು. ನಮಗೊಂದು ರಸ್ತೆ ಇದೆ ಎಂದು ಮೊಹರು ಹಾಕಿ ಬರೆದುಕೊಟ್ಟ ಮೊದಲ ಅಧಿಕಾರಿ ತಾವು.

ನಾನು ಹಡಗಲಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಮಲ್ಲಿಗೆ ವ್ಯಾಪಾರ ಮಾಡುವ ಹೆಂಗಸು. ಗಾಡಿ ನನ್ನದು, ಓಡಿಸುವವನು ನನ್ನ ತಮ್ಮ ಮೈಲಪ್ಪ. ನಮ್ಮೂರಿಗೂ ಹಡಗಲಿಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಎಮ್ಮೆ ಮೈ ನೆನೆಸಿಕೊಳ್ಳಲೂ ಅದರಲ್ಲಿ ನೀರಿರುವುದಿಲ್ಲ. ಮಳೆಗಾಲ ಬಂತೆಂದರೆ ವಾರಗಟ್ಟಲೆ ತೊಡೆಮಟ್ಟ ಹರಿಯುತ್ತದೆ. ಸೇತುವೆ ಇಲ್ಲ. ಸೇತುವೆ ತಮ್ಮ ಇಲಾಖೆಗೆ ಸೇರಿದ್ದಲ್ಲ ಎಂದು ನನಗೂ ಗೊತ್ತು. ಸೇರಿದ ಇಲಾಖೆಯವರು ನಮ್ಮ ಅರ್ಜಿಗಳನ್ನೆಲ್ಲ ಎಲ್ಲೋ ಬಹಳ ಜೋಪಾನವಾಗಿ ಇಟ್ಟಿದ್ದಾರೆ. ಕಂಪನಿ ಕೊಟ್ಟ ಎತ್ತರದಲ್ಲಿ ನಮ್ಮ ಗಾಡಿ ಹಳ್ಳಕ್ಕಿಳಿದರೆ ನಡುನೀರಿನಲ್ಲಿ ಕೆಮ್ಮಿ ಸುಮ್ಮನಾಗುತ್ತಿತ್ತು. ಆದರೆ ಮೊಗ್ಗು ಯಾರಿಗೂ ಕಾಯುವುದಿಲ್ಲ. ಸಂಜೆಯ ಹೊತ್ತಿಗೆ ಬುಟ್ಟಿಯಲ್ಲೇ ಅರಳಿ ಇಡೀ ಹಳ್ಳಕ್ಕೆ ಘಮ ಹಬ್ಬಿಸುತ್ತಿತ್ತು. ಕೊಳ್ಳುವವರು ಆಚೆ ದಡದಲ್ಲಿರುತ್ತಿದ್ದರು.

ಹೋದ ವರ್ಷ ಮುಂಗಾರಿಗೆ ಮೊದಲು ಗಾಡಿಯನ್ನು ಗ್ಯಾರೇಜಿನ ಪಾಲಣ್ಣನ ಹತ್ತಿರ ಬಿಟ್ಟೆವು. ಅವನು ಹಿಂದಿನ ಸ್ಪ್ರಿಂಗ್ ಪಾಟಾಕ್ಕೆ ಕಬ್ಬಿಣದ ಗಟ್ಟಿ ಕೊಟ್ಟು ಹಿಂಭಾಗವನ್ನಷ್ಟೇ ಎತ್ತಿ ಕಳಿಸಿದ. "ಭಾರ ಬೀಳೋದು ಹಿಂದ ಅಲ್ಲೇನ್ರಿ ಅಕ್ಕಾರ" ಎಂಬುದು ಅವನ ವಾದ. ಗಾಡಿ ಮೂತಿಯನ್ನು ನೆಲಕ್ಕೆ ಹಚ್ಚಿ, ಮೈಲಾರಲಿಂಗನಿಗೆ ದೀಡ ನಮಸ್ಕಾರ ಹಾಕಲು ಹೊರಟಂತೆ ಕಾಣುತ್ತಿತ್ತು. ಬುಟ್ಟಿಗಳೆಲ್ಲ ಮುಂದಕ್ಕೆ ಜಾರಿ ಬಂದು ಗುಡ್ಡೆ ಬಿದ್ದವು. ಮತ್ತೆ ಒಯ್ದು ಮುಂದೆಯೂ ಎತ್ತಿಸಿ, ನಾಲ್ಕಕ್ಕೂ ದೊಡ್ಡ ಟೈರು ಹಾಕಿಸಿ, ಸೈಲೆನ್ಸರಿನ ಬಾಯಿ ಮೇಲಕ್ಕೆ ತಿರುಗಿಸಿಕೊಂಡು ಬಂದೆವು. ಈಗ ಹೂ ಬಿಡಿಸುವ ಹೆಂಗಸರಿಗೆ ಹತ್ತಲಾಗದು. "ಯವ್ವಾ, ಗಾಡಿ ತಂದೀಯೋ ಅಟ್ಟ ತಂದೀಯೋ?" ಎಂದು ಹುಲುಗಮ್ಮ ಸೀರೆಯ ನೆರಿಗೆ ಹಿಡಿದುಕೊಂಡು ಬೈದಳು. ಅದಕ್ಕೆಂದು ಹಿಂದೆ ಒಂದು ಸ್ಟೂಲು ಕಟ್ಟಿದೆವು. ಅದನ್ನೂ ತಾವು ಬಿಡದೆ 'ಅನಧಿಕೃತ ಜೋಡಣೆ' ಎಂದು ಬರೆದಿದ್ದೀರಿ. ಅದು ನನ್ನ ಅಡುಗೆಮನೆಯ ಸ್ಟೂಲು ಸ್ವಾಮಿ, ಅದರ ಮೇಲೆ ನಿಂತು ನಾನು ಉಪ್ಪಿನಕಾಯಿ ಜಾಡಿ ಇಳಿಸುತ್ತಿದ್ದೆ.

ಇರಲಿ, ಕಾನೂನು ಕಾನೂನೇ. ನನಗೆ ಅರ್ಥವಾಗದಿರುವುದು ಬೇರೆ. ಕಳೆದ ಸೆಪ್ಟೆಂಬರಿನ ಚುನಾವಣೆ ತಮಗೆ ನೆನಪಿರಬೇಕು. ಮತಗಟ್ಟೆಗೆ ಹೋಗುವ ಗಾಡಿಗಳನ್ನು ಆರಿಸಲು ಹಡಗಲಿಯಲ್ಲಿ ನಿಂತಿದ್ದವರು ತಾವೇ. ಹಳ್ಳ ಬಂದಿತ್ತು. ಸಾಲಿನಲ್ಲಿದ್ದ ಕಂಪನಿ ಎತ್ತರದ ಸಕ್ರಮ ಗಾಡಿಗಳನ್ನೆಲ್ಲ ದಾಟಿಕೊಂಡು ಬಂದು ನಮ್ಮ ಗಾಡಿಯ ಮುಂದೆ ನಿಂತಿರಿ. ಟೈರಿಗೆ ಬೂಟಿನಿಂದ ಒಮ್ಮೆ ಒದ್ದು ನೋಡಿದಿರಿ. "ಇದು ಎತ್ತರ ಇದೆ, ಹಳ್ಳದಾಚೆ ಬೂತಿಗೆ ಇದೇ ಹೋಗಲಿ. ಇಂಥವು ಇನ್ನೆರಡು ಇದ್ದಿದ್ದರೆ ಚೆನ್ನಾಗಿತ್ತು" ಎಂದಿರಿ.

ಮೈಲಪ್ಪ ಕೈಮುಗಿದ. "ಸಾಹೇಬ್ರ, ಹೂವಿನ ಗಾಡಿ ಐತ್ರಿ. ಮೊಗ್ಗು ಕೆಡ್ತಾವ್ರಿ."

"ಮೊಗ್ಗು ಕೆಟ್ಟರೆ ನಾಳೆ ಮತ್ತೆ ಬರುತ್ತದಪ್ಪ. ಪ್ರಜಾಪ್ರಭುತ್ವ ಕೆಡಬಾರದು" ಎಂದು ಬುದ್ಧಿ ಹೇಳಿದಿರಿ.

ಹೀಗೆ ಪ್ರಜಾಪ್ರಭುತ್ವವು ನಮ್ಮ ಗಾಡಿ ಹತ್ತಿತು. ಮತಪೆಟ್ಟಿಗೆಗಳು, ಶಾಯಿ, ಮತಗಟ್ಟೆಯ ಸಿಬ್ಬಂದಿ, ಒಬ್ಬ ಪೊಲೀಸ್ ಪೇದೆ, ಎಲ್ಲರೂ ಆ ಅನಧಿಕೃತ ಸ್ಟೂಲಿನ ಮೇಲೆ ಕಾಲಿಟ್ಟೇ ಮೇಲೇರಿದರು. ನಡುಹಳ್ಳದಲ್ಲಿ ಮತಗಟ್ಟೆಯ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡು ಮತಪೆಟ್ಟಿಗೆಯನ್ನು ತಬ್ಬಿ ಕೂತಿದ್ದರಂತೆ. ಮರುದಿನ ವೋಟು ತುಂಬಿದ ಪೆಟ್ಟಿಗೆಗಳು ಒಂದು ಹನಿ ನೀರು ಸೋಕದೆ ವಾಪಸ್ಸು ಹೋದವು. ಹಾಗಾದರೆ ಅಕ್ರಮ ಗಾಡಿಯಲ್ಲಿ ಬಂದ ಆ ವೋಟುಗಳು ಸಕ್ರಮವೇ? ಅವುಗಳಿಂದ ಗೆದ್ದವರನ್ನೂ ಒಂದು ಗೇಣು ಕೆಳಗಿಳಿಸಿ ತೋರಿಸಬೇಕೇ? ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದೂ ತಪ್ಪು ಎಂದು ಕೊನೆಯಲ್ಲಿ ಸೇರಿಸಿದ್ದೀರಿ. ಆ ದಿನ ಕೂತವರನ್ನು ಯಾವ ಸರಕಿನ ಲೆಕ್ಕಕ್ಕೆ ಹಾಕಿಕೊಳ್ಳಬೇಕು ಎಂದು ಅದೇ ಕಾಗದದಲ್ಲಿ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ತಮ್ಮ ಒಂದು ಮಾತು ಮಾತ್ರ ಸುಳ್ಳಲ್ಲ. ಎತ್ತರಿಸಿದ ಗಾಡಿ ತಿರುವಿನಲ್ಲಿ ಮಗುಚಬಹುದು ಎಂದಿದ್ದೀರಿ. ಆ ಹೆದರಿಕೆ ನನಗೂ ಇದೆ. ಮೈಲಪ್ಪನ ಪಕ್ಕ ಕೂತಾಗಲೆಲ್ಲ ಅವನ ತೋಳು ಹಿಡಿದೇ ಇರುತ್ತೇನೆ, ಅವನು ಎತ್ತಿನ ಗಾಡಿಯ ವೇಗದಲ್ಲಿ ಹೋದರೂ ನಿಧಾನ, ನಿಧಾನ ಎನ್ನುತ್ತಲೇ ಇರುತ್ತೇನೆ. ಆದರೆ ತಮ್ಮ ಆ ಹೆದರಿಕೆ ಸೆಪ್ಟೆಂಬರಿನಲ್ಲಿ ರಜೆಯ ಮೇಲೆ ಹೋಗಿತ್ತೇ?

ಹೂವಿನ ನಷ್ಟಕ್ಕಾಗಿ ಮಾತ್ರ ನಾನು ಊರೆಲ್ಲ ಓದುವ ಹಾಗೆ ಪತ್ರ ಬರೆಯುತ್ತಿರಲಿಲ್ಲ. ನನ್ನ ಹೂವಿನ ಬುಟ್ಟಿ ಹೊರುವ ಮಾರಣ್ಣನಿಗೆ ಒಬ್ಬ ಮಗಳಿದ್ದಾಳೆ, ದುರ್ಗಾದೇವಿ. ಹೈಸ್ಕೂಲು ಹಳ್ಳದ ಆಚೆ. ನಮ್ಮೂರ ಹುಡುಗರು ನೀರು ಬಂದಾಗ ಬಟ್ಟೆ ಬಿಚ್ಚಿ ತಲೆಯ ಮೇಲಿಟ್ಟುಕೊಂಡು ದಾಟುತ್ತಾರೆ. ಹುಡುಗಿಯರು ಹಾಗೆ ದಾಟಲಾರರು. ಅದಕ್ಕೇ ನಮ್ಮೂರಿನ ಹುಡುಗಿಯರ ಓದು ಏಳನೆಯ ಕ್ಲಾಸಿಗೆ ನಿಲ್ಲುತ್ತಿತ್ತು. ಓದಿಸಬೇಡಿ ಎಂದು ಯಾರೂ ಹೇಳಿದ್ದಲ್ಲ, ಹಳ್ಳ ಬರುತ್ತಿತ್ತು, ನಿಲ್ಲುತ್ತಿತ್ತು, ಅಷ್ಟೆ. ಹೋದ ವರ್ಷ ಗಾಡಿ ಎತ್ತರವಾದ ಮೇಲೆ ದುರ್ಗಾ ಬುಟ್ಟಿಗಳ ನಡುವೆ ಕೂತು ಮಳೆಗಾಲವೆಲ್ಲ ಎಂಟನೆಯ ಕ್ಲಾಸಿಗೆ ಹೋದಳು. ಅವಳ ಪುಸ್ತಕಗಳಿಂದ ಮಲ್ಲಿಗೆ ವಾಸನೆ ಬರುತ್ತದೆ ಎಂದು ಮೇಷ್ಟರು ತಮಾಷೆ ಮಾಡುತ್ತಿದ್ದರಂತೆ. ಪಾಸಾದಳು. ನಮ್ಮೂರಿನಿಂದ ಒಂಬತ್ತಕ್ಕೆ ಹೋಗಬೇಕಾದ ಮೊದಲ ಹುಡುಗಿ ಅವಳು.

ತಮ್ಮ ಕಾಗದ ಬಂದ ದಿನ ಮಾರಣ್ಣ ಕಟ್ಟೆಗೆ ಬಂದು ಕೂತ. "ಗಾಡಿ ಇಳಿಸಿದ್ರ ಆಕಿ ಮನ್ಯಾಗ ಇರ್ಲಿ ಬಿಡ್ರಿ ಅಕ್ಕಾರ. ಕೂಡ್ಲಿಗಿ ಕಡೀಂದ ಒಂದು ಸಂಬಂಧ ಬಂದೈತಿ, ಹುಡುಗ ಚಲೋ ಅದಾನ" ಎಂದ. ನಾನು ಸಿಟ್ಟಿಗೆದ್ದು ಏನೇನೋ ಅಂದೆ. ಅವನು ಕೆಟ್ಟವನಲ್ಲ, ಮಗಳು ಪಾಸಾದಳೆಂದು ಊರಿಗೆಲ್ಲ ಬೆಲ್ಲ ಹಂಚಿದವನು. "ನೀರಾಗ ನಾ ಹೆಂಗ ಕಳಸ್ಲಿ, ನೀವ ಹೇಳ್ರಿ" ಎಂದ.

ಮೊನ್ನೆ ಆ ಹುಡುಗಿಯೇ ಬಂದಳು. ಅಳಲಿಲ್ಲ, ಏನೂ ಇಲ್ಲ. ಅಂಗಡಿಯಲ್ಲಿ ಸಕ್ಕರೆ ಕೇಳುವಷ್ಟು ಸಾದಾ ಕೇಳಿದಳು: "ಅಕ್ಕಾ, ಜೂನಿನಾಗ ಮೊಗ್ಗು ಬಿಡಿಸಾಕ ನಾನೂ ಬರ್ಲೇನು?"

ಆಳು ಸಿಗದೆ ನಾನು ಒದ್ದಾಡುತ್ತಿರುವ ಕಾಲ ಇದು. ಅವಳ ಬೆರಳು ಚುರುಕು, ಅವರವ್ವನ ಹಾಗೆ. ಆದರೂ ನನಗೆ ಹೂಂ ಎನ್ನಲಾಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ.

ಆದ್ದರಿಂದ ಶಾಲೆ ಬಾಗಿಲು ತೆರೆಯುವ ಮೊದಲು ಎರಡರಲ್ಲಿ ಒಂದು ಮಾಡಿ. ನಮ್ಮ ಗಾಡಿಯನ್ನು ಮತ್ತೊಮ್ಮೆ ಸರಿಯಾಗಿ ಪರೀಕ್ಷಿಸಿ, ಬ್ರೇಕು ನೋಡಿ, ಇಷ್ಟೇ ವೇಗ, ಇಷ್ಟೇ ಜನ ಎಂದು ಬೇಕಾದ ಕಟ್ಟು ಹಾಕಿ ಓಡಾಡಲು ಬಿಡಿ. ಅದು ಸಾಧ್ಯವಿಲ್ಲವೆಂದರೆ, ಹಳ್ಳ ಬಂದ ದಿನಗಳಲ್ಲಿ ತಮ್ಮ ಕಚೇರಿಯಿಂದ ಒಂದು ಎತ್ತರದ ಸಕ್ರಮ ಗಾಡಿಯನ್ನು ಬೆಳಿಗ್ಗೆ ಬೆಳಿಗ್ಗೆ ನಮ್ಮ ದಡಕ್ಕೆ ಕಳಿಸಿ. ಎರಡೂ ಆಗದಿದ್ದರೆ ತಾವೇ ಒಮ್ಮೆ ಬನ್ನಿ. ದುರ್ಗಾ ನನ್ನ ಉತ್ತರಕ್ಕೆ ಕಾಯುತ್ತಿದ್ದಾಳೆ. ಮೊಗ್ಗು ಬಿಡಿಸಲು ಬಾ ಎಂದು ಅವಳಿಗೆ ನಾನು ಹೇಳಲಾರೆ, ತಾವು ಹೇಳಿ ಹೋಗಿ.

ಇಂತಿ,
ತಮ್ಮ ಚುನಾವಣೆಯನ್ನು ಹಳ್ಳ ದಾಟಿಸಿ, ಈಗ ತಾನು ಈಚೆ ದಡದಲ್ಲೇ ಉಳಿದಿರುವ,
ದಾಕ್ಷಾಯಣಮ್ಮ
ಹಡಗಲಿ ತಾಲ್ಲೂಕು, ಮೇ ೨೦೦೦